ಕಾರ್ಕಾಸೋನ್‌ಗೆ ಹೋದರೆ ಟ್ರಾಂಕಾವೆಲ್‌ಗಳ ಮನೆ ನೋಡಿ ಬನ್ನಿ

ದಕ್ಷಿಣ ಫ್ರಾನ್ಸಿನ ತುಲೂಜ್‌ನಿಂದ ಕಾರ್ಕಾಸೋನ್‌ಗೆ ರೈಲಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ಸ್ಟೇಷನ್ನಿನಿಂದ ಕೋಟೆಗೆ ಟ್ಯಾಕ್ಸಿ ಬೇಡ, ಅರ್ಧ ಗಂಟೆಯ ನಡಿಗೆ ಅಷ್ಟೇ. ಓಡ್ ನದಿಯ ಹಳೇ ಸೇತುವೆ ಮೇಲೆ ನಿಂತರೆ ಗುಡ್ಡದ ಮೇಲಿನ ಕೋಟೆ ಪೂರ್ತಿ ಕಾಣುತ್ತದೆ. ಫೋಟೋ ಅಲ್ಲೇ ತೆಗೆದುಬಿಡಿ.

ನಾವು ಹೋಗಿದ್ದು ಜುಲೈ ತಿಂಗಳ ನಡು ಮಧ್ಯಾಹ್ನ, ಇಬ್ಬರಿಗೆ ಒಂದೇ ಬಾಟಲಿ ನೀರು. ಗೋಡೆ ಹತ್ತುವಷ್ಟರಲ್ಲಿ ಅದೂ ಖಾಲಿ. "ಆ ಹುಡುಗ ನೀರಿಲ್ದೆ ಸೋತ ಅಂದ್ರಲ್ಲ, ಈಗ ನಮ್ಮ ಸರದಿ ನೋಡಿ" ಅಂದಳು ಹೆಂಡತಿ. ನೀವು ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ.

ಆ ಹುಡುಗ ಅಂದರೆ ಆಗ ಈ ಸೀಮೆಯ ಒಡೆಯನಾಗಿದ್ದ ರೇಮೋನ್-ರೋಜೆ ಟ್ರಾಂಕಾವೆಲ್. ಬೇಜಿಯೇ, ಕಾರ್ಕಾಸೋನ್, ಆಲ್ಬಿ ಎಲ್ಲ ಅವನ ಮನೆತನದ ಕೈಯಲ್ಲಿದ್ದವು. ಪೋಪನ ಚರ್ಚು ಒಪ್ಪದ ಕ್ರೈಸ್ತ ಪಂಥದವರನ್ನು ಇಲ್ಲಿ ಕ್ಯಾಥಾರರು ಅನ್ನುತ್ತಾರೆ. ಅವನು ಕ್ಯಾಥಾರ್ ಅಲ್ಲ, ಕ್ಯಾಥೊಲಿಕ್ಕೇ. ಆದರೆ ತನ್ನ ಸೀಮೆಯ ಕ್ಯಾಥಾರರನ್ನು ಓಡಿಸಲಿಲ್ಲ. 1209ರ ಜುಲೈ 22ರಂದು ಕ್ಯಾಥಾರರನ್ನು ಹತ್ತಿಕ್ಕಲು ಪೋಪನ ಕರೆಗೆ ಬಂದ ಸೇನೆ ಬೇಜಿಯೇ ಊರನ್ನು ಕೊಚ್ಚಿಹಾಕಿತು. ಆಗಸ್ಟ್ 1ಕ್ಕೆ ಇಲ್ಲಿಗೆ ಬಂತು. ನದಿಯ ದಾರಿ ಕಟ್ಟಾಯಿತು, ಬೇಸಿಗೆಗೆ ಬಾವಿಗಳು ಬತ್ತಿದವು. ಎರಡು ವಾರ ತಡೆದು ಮಾತುಕತೆಗೆಂದು ಹೊರಗೆ ಹೋದವನನ್ನು ಹಿಡಿದಿಟ್ಟುಕೊಂಡರು. ಊರಿನವರು ಮೈಮೇಲಿನ ಒಳಬಟ್ಟೆಯಲ್ಲೇ ಊರು ಬಿಟ್ಟರು. ನವೆಂಬರ್ 10ಕ್ಕೆ ಅವನು ಸೆರೆಯಲ್ಲೇ ಸತ್ತ. ವಯಸ್ಸು 24. ಜಮೀನೆಲ್ಲ ಆ ಸೇನೆಯ ನಾಯಕನಾದ ಸೀಮೋನ್ ದ ಮೋಂಫೋರ್ ಪಾಲಾಯಿತು. ಎಳೆ ಕೂಸಾಗಿದ್ದ ಮಗ ಬೆಳೆದು 1240ರಲ್ಲಿ ಕೋಟೆಗೆ ಮುತ್ತಿಗೆ ಹಾಕಿದ, ಆಗಲಿಲ್ಲ. 1247ರಲ್ಲಿ ಹಕ್ಕನ್ನೆಲ್ಲ ಫ್ರಾನ್ಸ್ ರಾಜನಿಗೆ ಬಿಟ್ಟುಕೊಟ್ಟ.

ಇದನ್ನು ತಿಳಿದು ಹೋದರೆ ಗೋಡೆಗಳೇ ಬೇರೆ ಥರ ಕಾಣುತ್ತವೆ. ಎಲ್ಲರೂ ಬಾಯಿ ಬಿಟ್ಟು ನೋಡುವ ಹೊರಗಿನ ಸುತ್ತುಗೋಡೆ ಟ್ರಾಂಕಾವೆಲ್‌ಗಳದ್ದೇ ಅಲ್ಲ, ಅವರು ಹೋದ ಮೇಲೆ ರಾಜರು ಕಟ್ಟಿಸಿದ್ದು. ಚೂಪು ಚಾವಣಿಗಳಂತೂ 19ನೇ ಶತಮಾನದಲ್ಲಿ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯೂಕ್ ರಿಪೇರಿ ಮಾಡಿಸಿದಾಗಿನವು. ಒಳಗಿನ ಗೋಡೆಯ ಬುಡದಲ್ಲಿ ಚಿಕ್ಕ ಚಿಕ್ಕ ಕಲ್ಲು, ನಡುವೆ ಕೆಂಪು ಇಟ್ಟಿಗೆಯ ಸಾಲು ಕಂಡರೆ ಅದು ರೋಮನ್ನರ ಕೆಲಸ. ಆ ಹುಡುಗ ನೋಡಿದ ಗೋಡೆ ಅದು.

ಕೋಟೆಯೊಳಗಿನ ಬೀದಿಗಳಿಗೆ ಟಿಕೆಟ್ ಇಲ್ಲ. ಟ್ರಾಂಕಾವೆಲ್‌ಗಳು 12ನೇ ಶತಮಾನದಲ್ಲಿ ಕಟ್ಟಿಸಿದ ಅರಮನೆಗೆ, ಶಾತೋ ಕೊಂತಾಲ್‌ಗೆ, ಇದೆ. ಆನ್‌ಲೈನ್‌ನಲ್ಲೇ ತೆಗೆದುಕೊಳ್ಳಿ. ದುಡ್ಡು ಜಾಸ್ತಿ ಅನ್ನಿಸಿದರೂ ಬಿಡಬೇಡಿ. ಒಳಗೊಂದು ಕೋಣೆಯ ಗೋಡೆ ಮೇಲೆ ಆ ಕಾಲದ್ದೇ ಚಿತ್ರವಿದೆ, ಕುದುರೆ ಸವಾರರ ಕಾಳಗ. ಬಣ್ಣ ಮಾಸಿದೆ, ಸ್ವಲ್ಪ ಹೊತ್ತು ನಿಂತರೆ ಕುದುರೆಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಹೆಚ್ಚಿನವರು ನಿಲ್ಲದೇ ಮುಂದೆ ಹೋಗುತ್ತಾರೆ. ಬೀದಿಯಲ್ಲಿ ಮಾರುವ ಪ್ಲಾಸ್ಟಿಕ್ ಕತ್ತಿಗಳ ಮುಂದೆ ಮಾತ್ರ ಜನವೋ ಜನ!

ಸಸ್ಯಾಹಾರಿಗಳಿಗೆ ಒಂದು ಮಾತು. ಕಾಸುಲೆ ಅಂದರೆ ಹುರುಳಿಕಾಯಿ ಬೀಜದ ಸಾರಿನ ಹಾಗೆ ಕಾಣುತ್ತದೆ, ತಳದಲ್ಲಿ ಬಾತುಕೋಳಿ, ಹಂದಿ ಎರಡೂ ಇರುತ್ತವೆ. ಕೇಳದೇ ಆರ್ಡರ್ ಮಾಡಬೇಡಿ. ಮೇಕೆ ಚೀಸಿನ ಸಲಾಡ್ ಸುಲಭವಾಗಿ ಸಿಗುತ್ತದೆ.

ಇನ್ನೊಂದು ದಿನ ಇದ್ದರೆ, ಕಾರೂ ಇದ್ದರೆ, ಉತ್ತರಕ್ಕಿರುವ ಲಾಸ್ತೂರ್‌ಗೆ ಹೋಗಿ. ಒಂದೇ ಗುಡ್ಡದ ಸಾಲಿನಲ್ಲಿ ನಾಲ್ಕು ಪಾಳುಕೋಟೆ. 1210ರಲ್ಲಿ ಮೋಂಫೋರ್ ನೂರಕ್ಕೂ ಹೆಚ್ಚು ಸೆರೆಯಾಳುಗಳ ಕಣ್ಣು ಕೀಳಿಸಿ, ದಾರಿ ತೋರಿಸಲು ಒಬ್ಬನಿಗೆ ಒಂದು ಕಣ್ಣು ಉಳಿಸಿ, ಕಳಿಸಿದ್ದು ಇಲ್ಲಿನ ಕಾಬಾರೆ ಕೋಟೆಗೆ. ದಾರಿ ಕಡಿದು, ಕಲ್ಲು ಜಾಸ್ತಿ, ನೆರಳು ಕಮ್ಮಿ. ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ. ನೀರು ಒಬ್ಬೊಬ್ಬರಿಗೆ ಎರಡು ಬಾಟಲಿ.