ಹೆರಿಗೆ ರಜೆಯ ಬಿಲ್ ಯಾರ ಹೆಸರಿಗೆ?

'ಮದುವೆ ಆಗಿದೆಯಾ? ಮಗು ಯಾವಾಗ?' ಇಂಟರ್‌ವ್ಯೂನಲ್ಲಿ ಹೆಣ್ಣುಮಕ್ಕಳಿಗೆ ಮಾತ್ರ ಬೀಳುವ ಈ ಪ್ರಶ್ನೆಯ ಹಿಂದೆ ಪೂರ್ವಗ್ರಹದಷ್ಟೇ ಒಂದು ಲೆಕ್ಕವೂ ಇದೆ.

2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಂದ ತಿದ್ದುಪಡಿ ಸಂಬಳ ಸಹಿತ ಹೆರಿಗೆ ರಜೆಯನ್ನು 12ರಿಂದ 26 ವಾರಕ್ಕೆ ಏರಿಸಿತು. ಒಳ್ಳೆಯದೇ ಆಯಿತು. ಆದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬಾರದವರ ಅಷ್ಟೂ ವಾರದ ಸಂಬಳವನ್ನು ಮಾಲೀಕನೊಬ್ಬನೇ ಕೊಡಬೇಕು. 12 ಜನರ ಆಫೀಸಿನಲ್ಲಿ ಅದು ದೊಡ್ಡ ಮೊತ್ತ, ಹಾಗಾಗಿ ಅರ್ಜಿ ನೋಡುವಾಗಲೇ ಹೆಣ್ಣು ಹೆಸರು ಪಕ್ಕಕ್ಕೆ ಸರಿಯುತ್ತದೆ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳಕ್ಕೆ ಇಎಸ್‌ಐ ಇದ್ದಲ್ಲಿ ಕಥೆಯೇ ಬೇರೆ: ಮಾಲೀಕ ಕಟ್ಟುವುದು ಗಂಡಾಗಲಿ ಹೆಣ್ಣಾಗಲಿ ಸಂಬಳದ ಒಂದೇ 3.25%, ಹೆರಿಗೆ ಹಣ ಬರುವುದು ಇಎಸ್‌ಐ ನಿಗಮದಿಂದ. ಹೆಣ್ಣನ್ನು ಕೆಲಸಕ್ಕೆ ಸೇರಿಸಿಕೊಂಡರೆ ಹೆಚ್ಚುವರಿ ಹೆರಿಗೆ ಸಂಬಳದ ಹೊರೆ ಇಲ್ಲ. ಈ ಹಂಚಿಕೆ ಎಲ್ಲ ಸಂಬಳದವರಿಗೂ ವಿಸ್ತರಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಶಿಶುಪಾಲನಾ ಕೇಂದ್ರದ್ದೂ ಹೀಗೇ. 50 ನೌಕರರು ಇದ್ದರೆ ಕಡ್ಡಾಯ, ತಾಯಿಗೆ ದಿನಕ್ಕೆ 4 ಬಾರಿ ಮಗುವನ್ನು ನೋಡಿಬರುವ ಹಕ್ಕು. ಆದರೆ ಪೀಸ್ ಲೆಕ್ಕದ ಟಾರ್ಗೆಟ್ ಇರುವ ಗಾರ್ಮೆಂಟ್ಸ್ ಲೈನಿನಲ್ಲಿ ಎದ್ದು ಹೋದರೆ ಹಿಂದಿನ ಮೆಷಿನ್‌ನ ಬಟ್ಟೆ ರಾಶಿ ಬೀಳುತ್ತದೆ. ಬದಲಿ ಟೈಲರ್ ಇಲ್ಲದಿದ್ದರೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಮೇಲಾಗಿ, ಎಂಟು ತಿಂಗಳ ಕೂಸನ್ನು ಬೆಳಗಿನ ಕಿಕ್ಕಿರಿದ ಬಸ್ಸಿನಲ್ಲಿ ತರುವುದು ಹೇಗೆ? ಕೇಂದ್ರ ಬೇಕಿರುವುದು ಮನೆಯ ಹತ್ತಿರ. ನಮ್ಮ ಗ್ರಾಮ ಪಂಚಾಯಿತಿಗಳ ಶಿಶುಪಾಲನಾ ಕೇಂದ್ರ 'ಕೂಸಿನ ಮನೆ' ಈ ದಾರಿಯಲ್ಲಿದೆ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ ಸುತ್ತಲಿನ ವಠಾರಗಳಿಗೂ ಅಂಥದ್ದು ಬೇಕು, ಶಿಫ್ಟ್ ಮುಗಿದು ತಾಯಿ ಮನೆ ತಲುಪುವವರೆಗೂ ಬಾಗಿಲು ತೆರೆದಿರುವಂಥದ್ದು.