ಸ್ಪಾಟರ್ ನಾಲ್ಕು, ಐದು, ಆರು

ಪ್ರಾಕ್ಟಿಕಲ್ ಪರೀಕ್ಷೆಗೆ ಸ್ಪಾಟರ್, ಅಂದರೆ ವಿದ್ಯಾರ್ಥಿ ನೋಡಿ ಗುರುತಿಸಿ ಬರೆಯಬೇಕಾದ ಮಾದರಿಗಳನ್ನು, ಜೋಡಿಸುವ ಕೆಲಸ ನಮ್ಮ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅತಿಥಿ ಉಪನ್ಯಾಸಕರ ಪಾಲಿಗೇ ಬರುತ್ತದೆ. ಕಾಯಂ ಆದವರಿಗೆ ನ್ಯಾಕ್ ಫೈಲು, ಚುನಾವಣೆ ತರಬೇತಿ, ಪ್ರಾಂಶುಪಾಲರ ಕೋಣೆಯ ಸಭೆ ಎಂದು ನೂರೆಂಟು ಇರುತ್ತವೆ. ಸ್ಪಾಟರ್ ಚೆನ್ನಾಗಿದ್ದರೆ ಹೆಸರು ವಿಭಾಗಕ್ಕೆ, ಎಡವಟ್ಟಾದರೆ ‘ಗೆಸ್ಟ್ ಮೇಡಂ ಇಟ್ಟಿದ್ದು’.

ಇಡಲಿಕ್ಕಾದರೂ ಏನಿದೆ? ಕಲಬುರಗಿಯ ಬೇಸಿಗೆಗೆ ಮ್ಯೂಸಿಯಂ ಜಾಡಿಗಳು ತಡೆಯುವುದಿಲ್ಲ. ಮುಚ್ಚಳಕ್ಕೆ ಎಷ್ಟು ಮೇಣ ಮೆತ್ತಿದರೂ ಮೇ ತಿಂಗಳ ಹೊತ್ತಿಗೆ ಫಾರ್ಮಾಲಿನ್ ಅರ್ಧಕ್ಕಿಳಿದು, ಸ್ಕೋಲಿಯೊಡಾನ್ ಶಾರ್ಕ್ ಸೊಂಟದವರೆಗೆ ಮಾತ್ರ ಮುಳುಗಿ ನಿಂತಿರುತ್ತದೆ. ಮೇಲಿನ ಭಾಗ ಒಣಗಿ ಚಕ್ಕೆ ಏಳುತ್ತದೆ. ಹೊಸ ಫಾರ್ಮಾಲಿನ್‌ಗೆ ಇಂಡೆಂಟ್ ಹಾಕಿದರೆ ‘ಕಳೆದ ವರ್ಷ ಕೊಟ್ಟಿದ್ದು ಏನಾಯಿತು’ ಎಂಬ ಪ್ರಶ್ನೆ ಬರುತ್ತದೆ. ಆವಿಯಾಯಿತು ಎಂದು ಬರೆದರೆ ಲೆಕ್ಕಪತ್ರದವರು ನಂಬುವುದಿಲ್ಲ.

ಹೀಗಾಗಿ ಎಂ.ಎಸ್ಸಿ. ಮತ್ಸ್ಯಶಾಸ್ತ್ರದ ಪತ್ರಿಕೆಗೆ ಕೆಲವು ಸ್ಪಾಟರ್‌ಗಳನ್ನು ಚಿತ್ರದಲ್ಲೇ ಇಡೋಣ ಎಂದುಕೊಂಡೆ. ಸಿಲಬಸ್‌ನಲ್ಲಿ ಆಳಸಮುದ್ರದ ಮೀನುಗಳ ಒಂದು ಘಟಕವಿದೆ. ಆ ಮೀನುಗಳು ನಮ್ಮ ಕಡೆ ಜಾಡಿಯಲ್ಲೂ ಸಿಗುವುದಿಲ್ಲ, ಭೀಮಾ ನದಿಯಲ್ಲಂತೂ ಇಲ್ಲವೇ ಇಲ್ಲ. ಸೂಪರ್ ಮಾರ್ಕೆಟ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಮೂರು ಬಣ್ಣದ ಚಿತ್ರ ಮುದ್ರಿಸಿ, ಲ್ಯಾಮಿನೇಷನ್ ಮಾಡಿಸಿದೆ. ದುಡ್ಡು ನನ್ನದೇ. ಸ್ಪಾಟರ್ ನಾಲ್ಕು ವೇಲ್‌ಫಿಶ್, ಐದು ಟೇಪ್‌ಟೇಲ್, ಆರು ಬಿಗ್‌ನೋಸ್. ಮೂರೂ ಎ-ಫೋರ್ ಹಾಳೆಯ ತುಂಬ, ಒಂದೇ ಗಾತ್ರದಲ್ಲಿ.

ಈ ಮೂರನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಇಡೀ ಸೆಮಿಸ್ಟರ್‌ನಲ್ಲಿ ಹಿಂದಿನ ಬೆಂಚಿನವರೂ ತಲೆಯೆತ್ತಿ ಕೇಳಿದ ಪಾಠ ಇದೊಂದೇ. ವೇಲ್‌ಫಿಶ್ ಕುಟುಂಬಕ್ಕೆ, ಅಂದರೆ ಸೀಟೊಮಿಮಿಡೆಗೆ, ಹೆಸರಿಟ್ಟವರು ಗೂಡ್ ಮತ್ತು ಬೀನ್, 1895ರಲ್ಲಿ. ದೊಡ್ಡ ಬಾಯಿ, ಇದ್ದೂ ಇಲ್ಲದಂಥ ಕಣ್ಣು, ಹುರುಪೆಯಿಲ್ಲದ ಮೈ. ಮೈಬಣ್ಣ ಕಿತ್ತಳೆ ಇಲ್ಲವೇ ಕೆಂಪು. ಕೆಂಪು ಬೆಳಕು ಅಷ್ಟು ಕೆಳಗೆ ಇಳಿಯುವುದಿಲ್ಲವಾದ್ದರಿಂದ ಅಲ್ಲಿ ಅದು ಕಪ್ಪೇ. ಕಣ್ಣಿನ ಕೆಲಸವನ್ನು ಪಾರ್ಶ್ವರೇಖೆಯ ದೊಡ್ಡ ದೊಡ್ಡ ರಂಧ್ರಗಳು ಮಾಡುತ್ತವೆ, ನೀರಿನ ಕಂಪನದಲ್ಲೇ ಬೇಟೆಯ ಸುಳಿವು ಹಿಡಿಯುತ್ತವೆ. ವಾಸ ಸಾಮಾನ್ಯವಾಗಿ 1000 ಮೀಟರಿಗಿಂತ ಕೆಳಗೆ. ಟೇಪ್‌ಟೇಲ್ ಇರುವುದು ಮೇಲಿನ 200 ಮೀಟರಿನೊಳಗೆ. ಗೇಣಿಗಿಂತ ಚಿಕ್ಕದಾದ ಮೈ, ಬಾಲದ ರೆಕ್ಕೆಯಿಂದ ಹೊರಟು ಮೈಗಿಂತ ಅನೇಕ ಪಟ್ಟು ಉದ್ದಕ್ಕೆ ಹರಿಯುವ ತೆಳ್ಳನೆಯ ಪಟ್ಟಿ. ಬರ್ಟೆಲ್ಸೆನ್ ಮತ್ತು ಮಾರ್ಷಲ್ ಎಂಬ ಇಬ್ಬರು 1956ರಲ್ಲಿ ಈ ಮೀನುಗಳಿಗಾಗಿ ಕುಟುಂಬವಷ್ಟೇ ಅಲ್ಲ, ಅದಕ್ಕೂ ಮೇಲಿನ ಹಂತವಾದ ಹೊಸ ಗಣವನ್ನೇ ಸ್ಥಾಪಿಸಿದರು. ಬಿಗ್‌ನೋಸ್ ಬಂದಿದ್ದು 1966ರಲ್ಲಿ, ಮೈಯರ್ಸ್ ಮತ್ತು ಫ್ರೈಹೋಫರ್ ಅವರಿಂದ. ಬೆರಳುದ್ದದ ಮೀನು, ಮುಖವೆಲ್ಲ ಮೂಗು. ಹೀಗೆ ಮೂರು ಕುಟುಂಬಗಳಾದವು.

ಅನುಮಾನ ಹುಟ್ಟಿಸಬೇಕಾದ ಸಂಗತಿ ಕಣ್ಣೆದುರೇ ಇತ್ತು. ಸಂಗ್ರಹಾಲಯಗಳಲ್ಲಿದ್ದ 600ಕ್ಕೂ ಹೆಚ್ಚು ವೇಲ್‌ಫಿಶ್‌ಗಳಲ್ಲಿ ಒಂದೂ ಗಂಡಿರಲಿಲ್ಲ. ಬಿಗ್‌ನೋಸ್ 65, ಎಲ್ಲವೂ ಗಂಡು. ಟೇಪ್‌ಟೇಲ್ 120, ಬೆಳೆದದ್ದು ಒಂದೂ ಇಲ್ಲ. 2003ರಲ್ಲಿ ಜಪಾನಿನವರು ಮೈಟೊಕಾಂಡ್ರಿಯದ ಡಿಎನ್‌ಎ ಹೋಲಿಸಿ, ಟೇಪ್‌ಟೇಲ್ ಮತ್ತು ವೇಲ್‌ಫಿಶ್ ತೀರಾ ಹತ್ತಿರದವು ಎಂದರು. ನೋಡಲು ಇಷ್ಟು ಬೇರೆಯಾದ ಮೀನುಗಳ ಬಗ್ಗೆ ಅದನ್ನು ಒಪ್ಪುವುದು ಸುಲಭವಿರಲಿಲ್ಲ. ಹಳೆಯ ಮಾದರಿಗಳ ಡಿಎನ್‌ಎ ನೋಡೋಣವೆಂದರೆ ಅವು ಫಾರ್ಮಾಲಿನ್‌ನಲ್ಲಿದ್ದವು, ಫಾರ್ಮಾಲಿನ್ ಡಿಎನ್‌ಎಯನ್ನು ಹಾಳುಗೆಡವುತ್ತದೆ. ಕೊನೆಗೆ ಮೆಕ್ಸಿಕೊ ಕೊಲ್ಲಿಯ ಬಲೆಗಳಲ್ಲಿ ಅರ್ಧ ಬದಲಾದ ಮೀನುಗಳೇ ಸಿಕ್ಕವು. ಸ್ಮಿತ್ಸೋನಿಯನ್ ಸಂಸ್ಥೆಯ ಜಾನ್ಸನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿಯೇಬಿಟ್ಟರು: ಟೇಪ್‌ಟೇಲ್ ಲಾರ್ವಾ, ಬಿಗ್‌ನೋಸ್ ಗಂಡು, ವೇಲ್‌ಫಿಶ್ ಹೆಣ್ಣು. ಮೂರೂ ಒಂದೇ ಕುಟುಂಬ.

ಗಂಡಿನ ಪಾಡಂತೂ ಕೇಳಬೇಡಿ. ಲಾರ್ವಾ ಆಗಿದ್ದಾಗ ಕೋಪಿಪಾಡ್ ಎಂಬ ಪುಟ್ಟ ಕಠಿಣಚರ್ಮಿಗಳನ್ನು ಹೊಟ್ಟೆ ಬಿರಿಯೆ ತಿನ್ನುತ್ತದೆ. ಆಮೇಲೆ ರೂಪ ಬದಲಾಗುವಾಗ ಅನ್ನನಾಳ, ಜಠರ ಎರಡೂ ಮಾಯ. ತಿಂದದ್ದೆಲ್ಲ ದೊಡ್ಡ ಯಕೃತ್ತಾಗಿ ಕೂಡುತ್ತದೆ. ಒಂದೇ ಬುತ್ತಿ ಕಟ್ಟಿಕೊಂಡು ಮನೆ ಬಿಟ್ಟವನಂತೆ, ಉಳಿದ ಆಯುಷ್ಯವೆಲ್ಲ ಅದರ ಮೇಲೆಯೇ. ಇದನ್ನು ಹೇಳಿದಾಗ ತರಗತಿಯ ಹುಡುಗಿಯರು ನಕ್ಕರು, ಹುಡುಗರು ನಗಲಿಲ್ಲ.

ಪರೀಕ್ಷೆಯ ದಿನ ಎಕ್ಸ್‌ಟರ್ನಲ್ ಆಗಿ, ಅಂದರೆ ಹೊರಗಿನ ಪರೀಕ್ಷಕರಾಗಿ, ಬಂದವರು ಬೀದರ್ ಕಡೆಯ ಹಿರಿಯರು. ಬಂದವರೇ ಮೊದಲು ಜಾಡಿಗಳನ್ನು ನೋಡಿದರು, ‘ನಮ್ಮಲ್ಲೂ ಇದೇ ಕಥೆ’ ಎಂದರು. ಒಳ್ಳೆಯ ಶಕುನ ಅಂದುಕೊಂಡೆ. ಬ್ಯಾಚ್ ಶುರುವಾಯಿತು. ಬೆಲ್ಲು, ಎರಡು ನಿಮಿಷ, ಮುಂದಿನ ಸ್ಪಾಟರ್, ಮತ್ತೆ ಬೆಲ್ಲು. ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತರಿಸಿದ್ದೆವು. ಅದೂ ಮೆಚ್ಚುಗೆಯಾಯಿತು. ಊಟ ಮುಗಿಸಿ ಶಹಾಬಾದ್ ಕಲ್ಲಿನ ಮೇಜಿನ ಮುಂದೆ ಕೂತು ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿದರು.

ಮೊದಲನೆಯದನ್ನು ಓದಿದರು. ಎರಡನೆಯದನ್ನು ಓದಿ ಮೊದಲನೆಯದಕ್ಕೆ ಮರಳಿದರು. ಆಮೇಲೆ ನಾಲ್ಕಾರು ಪತ್ರಿಕೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ಪ್ರತಿಯೊಂದರಲ್ಲೂ ಒಂದೇ ಜಾಗದಲ್ಲಿ ಬೆರಳಿಟ್ಟರು.

“ಮೇಡಂ, ಇಲ್ಲಿ ಸಾಮೂಹಿಕ ನಕಲು ನಡೆದಿದೆ.”

ನನಗೆ ಅರ್ಥವಾಗಲಿಲ್ಲ. ಬಗ್ಗಿ ನೋಡಿದೆ. ನಾಲ್ಕು, ಐದು, ಆರಕ್ಕೆ ರೆಗ್ಯುಲರ್ ವಿದ್ಯಾರ್ಥಿಗಳೆಲ್ಲ ಒಂದೇ ಕುಟುಂಬ ಬರೆದಿದ್ದರು. ಅಷ್ಟೇ ಅಲ್ಲ, ‘ಇವು ಮೂರು ಕುಟುಂಬಗಳಲ್ಲ, ಒಂದೇ ಕುಟುಂಬದ ಲಾರ್ವಾ, ಗಂಡು ಮತ್ತು ಹೆಣ್ಣು’ ಎಂಬ ವಾಕ್ಯ ಅಕ್ಷರ ಬದಲಾಗದೆ ಎಲ್ಲದರಲ್ಲೂ ಇತ್ತು. ನಾನು ತರಗತಿಯಲ್ಲಿ ನಿಧಾನವಾಗಿ, ಎರಡೆರಡು ಸಲ ಹೇಳಿ ಬರೆಸಿದ ವಾಕ್ಯ. ಅವರ ದೃಷ್ಟಿಯಿಂದ ನೋಡಿದರೆ ಒಂದು ಬ್ಯಾಚ್ ಪೂರ್ತಿ ಒಂದೇ ತಪ್ಪನ್ನು ಒಂದೇ ಮಾತಿನಲ್ಲಿ ಮಾಡಿದೆ. ನಕಲಲ್ಲದೆ ಇನ್ನೇನು?

ಆಗಲೇ ‘ಸರ್, ಬನ್ನಿ, ಒಳಗೆ ಕೂತು ಮಾತಾಡೋಣ’ ಎಂದಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ನಾನು ಅಲ್ಲೇ, ವೈವಾಕ್ಕೆ ಕಾಯುತ್ತ ಬಾಗಿಲಲ್ಲಿ ನಿಂತಿದ್ದ ಹುಡುಗರ ಮುಂದೆ, “ನಕಲಲ್ಲ ಸರ್, ಅದೇ ಸರಿ ಉತ್ತರ. 2009ರಿಂದಲೇ ಸರಿ” ಎಂದೆ. ಆ ‘2009ರಿಂದಲೇ’ ಎಂಬುದರಲ್ಲಿ ಇದ್ದ ಧಿಮಾಕು ನನ್ನ ಕಿವಿಗೂ ಕೇಳಿಸಿತು. ಅವರ ಮುಖ ಬಿಗಿಯಿತು. ಜೇಬಿನಿಂದ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಳ್ಳಲಿಲ್ಲ.

ಮೊಬೈಲ್‌ನಲ್ಲಿ ಲೇಖನ ತೆರೆಯಲು ಹೋದೆ. ಲ್ಯಾಬಿನ ಆ ಮೂಲೆಯಲ್ಲಿ ನೆಟ್‌ವರ್ಕ್ ಬರುವುದು ಕಿಟಕಿಗೆ ಆತು ನಿಂತರೆ ಮಾತ್ರ. ಕಿಟಕಿಗೆ ಆತು ನಿಂತೆ. ಪರದೆಯ ಮೇಲಿನ ಚಕ್ರ ತಿರುಗುತ್ತಲೇ ಇತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು. ಫ್ಯಾನುಗಳು ನಿಧಾನಕ್ಕೆ ನಿಂತವು. ಬೆವರಿಗೆ ಪತ್ರಿಕೆಯ ಅಂಚು ಅವರ ಮುಂಗೈಗೆ ಅಂಟಿಕೊಂಡಿತು, ಅದನ್ನು ಬಿಡಿಸಿಕೊಳ್ಳುತ್ತ ಹೇಳಿದರು: “ಮೊಬೈಲ್ ಬೇಡ ಮೇಡಂ. ಲೈಬ್ರರಿಯ ಪುಸ್ತಕ ತರಿಸಿ.”

ಅಟೆಂಡರ್ ಕಾಕಾ ಹೋಗಿ ಪುಸ್ತಕ ತಂದರು. ನಮ್ಮ ಲೈಬ್ರರಿಯಲ್ಲಿದ್ದದ್ದು 2009ಕ್ಕಿಂತ ಹಿಂದಿನ ಆವೃತ್ತಿ. ಅದರಲ್ಲಿ ಮೂರು ಕುಟುಂಬಗಳೂ ಸ್ಟೆಫನೊಬೆರಿಸಿಫಾರ್ಮಿಸ್ ಗಣದ ಕೆಳಗೆ ಒಂದರ ಹಿಂದೊಂದು, ಅಚ್ಚುಕಟ್ಟಾಗಿ ಕೂತಿದ್ದವು. ಅವರು ಪುಟವನ್ನು ನನ್ನ ಕಡೆ ತಿರುಗಿಸಿದರು. ಮಾತಾಡಲಿಲ್ಲ. ಮಾತಾಡುವ ಅಗತ್ಯವೂ ಇರಲಿಲ್ಲ.

ನಕಲಿನ ವರದಿ ಹೋದರೆ ಇಡೀ ಬ್ಯಾಚಿನ ಫಲಿತಾಂಶ ತಡೆಹಿಡಿಯುತ್ತಾರೆ. ಅಂಕಗಳನ್ನು ಪೋರ್ಟಲ್‌ಗೆ ಸಂಜೆಯೊಳಗೆ ಏರಿಸಬೇಕು. ಏರಿಸಲು ಬೇಕಾದ ಒಟಿಪಿ ಹೋಗುವುದು ವಿಭಾಗದ ಮುಖ್ಯಸ್ಥರ ಮೊಬೈಲ್‌ಗೆ, ಮುಖ್ಯಸ್ಥರು ಇರುವುದು ಸಭೆಯಲ್ಲಿ, ಸಭೆಯಲ್ಲಿ ಮೊಬೈಲ್ ಸೈಲೆಂಟ್. ಈ ವ್ಯವಸ್ಥೆಯನ್ನು ಕಂಡುಹಿಡಿದವರು ಯಾವ ಗಣಕ್ಕೆ ಸೇರಿದವರೋ.

ಕಾಕಾ ಚಹಾ ತಂದಿಟ್ಟರು. ಎಕ್ಸ್‌ಟರ್ನಲ್ ಲ್ಯಾಮಿನೇಷನ್ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ನೋಡಿದರು.

“ಅಳತೆಪಟ್ಟಿ ಎಲ್ಲಿ?”

ಇರಲಿಲ್ಲ. ವೇಲ್‌ಫಿಶ್ ಹೆಣ್ಣು 40 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ, ಗಂಡು 7 ಸೆಂಟಿಮೀಟರ್ ಕೂಡ ದಾಟುವುದಿಲ್ಲ. ನನ್ನ ಹಾಳೆಗಳಲ್ಲಿ ಗಂಡ ಹೆಂಡತಿ ಭುಜಕ್ಕೆ ಭುಜ ಕೊಟ್ಟು ನಿಂತಿದ್ದರು.

“ಅಳತೆಯೇ ಇಲ್ಲದ ಚಿತ್ರ ನೋಡಿ ಗಂಡು ಹೆಣ್ಣು ಎಂದು ಹುಡುಗ ಹೇಗೆ ಹೇಳಬೇಕು? ಕೇಳಿದ್ದನ್ನು ಬಾಯಿಪಾಠ ಹೇಳಬಹುದು, ಅಷ್ಟೇ.” ಒಂದು ಗುಟುಕು ಕುಡಿದರು. “ಇದು ಆಂಗ್ಲರ್ ಮೀನಿನ ಕಥೆಯೇ ಅಲ್ಲವೇ ಮೇಡಂ? ಅದರ ಗಂಡುಗಳಿಗೂ ಹೀಗೇ ಬೇರೆ ಕುಟುಂಬ ಮಾಡಿಟ್ಟಿದ್ದರು, ಅಸೆರಾಟಿಡೆ ಅಂತ.”

ನಾನು ಸುಮ್ಮನೆ ಕೂತೆ. ಅವರು ಮುಂದುವರಿಸಿದರು. 1922ರಲ್ಲಿ ಐಸ್‌ಲೆಂಡಿನ ಸೇಮುಂಡ್‌ಸನ್ ಹೆಣ್ಣು ಆಂಗ್ಲರ್‌ನ ಹೊಟ್ಟೆಗೆ ಅಂಟಿಕೊಂಡಿದ್ದ ಚಿಕ್ಕ ಮೀನುಗಳನ್ನು ಮರಿಗಳೆಂದು ತಿಳಿದದ್ದು, 1925ರಲ್ಲಿ ರೀಗನ್ ಕೊಯ್ದು ನೋಡಿ ಅದು ಮರಿಯಲ್ಲ, ಗಂಡು ಎಂದು ತೋರಿಸಿದ್ದು, ಹೆಣ್ಣಿನ ರಕ್ತವೇ ಗಂಡಿನ ಮೈಯಲ್ಲಿ ಹರಿಯುವುದು, ಎಲ್ಲವನ್ನೂ ಪುಸ್ತಕ ನೋಡದೆ ಹೇಳಿದರು. ನಾನು ಅವರನ್ನು ಹಳೆಯ ನೋಟ್ಸಿನವರು ಎಂದು ಬೆಳಿಗ್ಗೆಯೇ ತೀರ್ಮಾನಿಸಿಬಿಟ್ಟಿದ್ದೆ, ಜಾಡಿ ನೋಡಿ ‘ನಮ್ಮಲ್ಲೂ ಇದೇ ಕಥೆ’ ಎಂದರಲ್ಲ, ಆಗಲೇ.

“ನಿಮ್ಮ ಲೇಖನ ಸುಳ್ಳು ಎಂದು ನಾನು ಹೇಳುತ್ತಿಲ್ಲ” ಎಂದರು. “ಈ ಕೆಳಗಿನ ಪತ್ರಿಕೆಗಳನ್ನು ನೋಡಿ. ರಿಪೀಟರ್‌ಗಳು. ಅಫಜಲಪುರದಿಂದಲೋ ಸುರಪುರದಿಂದಲೋ ಬಂದು ಪರೀಕ್ಷೆ ಬರೆದು ಹೋಗುವವರು. ಇವರು ನಿಮ್ಮ ಪಾಠ ಎಲ್ಲಿ ಕೇಳಿದ್ದಾರೆ? ಇದೇ ಲೈಬ್ರರಿಯ ಪುಸ್ತಕ ಓದಿ ಮೂರು ಕುಟುಂಬ ಬರೆದಿದ್ದಾರೆ. ನಿಮ್ಮ ಅಂಕದ ಸ್ಕೀಮ್ ಪ್ರಕಾರ ಇವರಿಗೆ ಸೊನ್ನೆ. ನನ್ನ ಪ್ರಕಾರ ನಿಮ್ಮ ಹುಡುಗರಿಗೆ ಸೊನ್ನೆ. ಯಾರಿಗೆ ಹಾಕೋಣ, ಹೇಳಿ.”

ರಿಪೀಟರ್‌ಗಳು ನನ್ನ ತಲೆಯಲ್ಲೇ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಇಲ್ಲದವರನ್ನು ನೆನಪಿಡುವ ಅಭ್ಯಾಸವೇ ನಮಗಿಲ್ಲ.

ದಾರಿ ತೋರಿಸಿದವರು ಅವರೇ. ಕುಟುಂಬದ ಗೊಡವೆ ಬಿಟ್ಟು, ಗಣದವರೆಗೆ ಸರಿಯಿದ್ದರೆ ವರ್ಗೀಕರಣದ ಅಂಕ ಕೊಡುವುದು. ಹಳೆಯ ಪುಸ್ತಕವಾಗಲಿ ಹೊಸ ಲೇಖನವಾಗಲಿ, ಗಣದ ವಿಷಯದಲ್ಲಿ ಜಗಳವಿಲ್ಲವಲ್ಲ ಎಂದರು. ನಾನು ಹೂಂ ಎನ್ನಬೇಕಿತ್ತು. ಆದರೆ ನನ್ನ ರೆಗ್ಯುಲರ್ ಹುಡುಗರಲ್ಲಿ ಅರ್ಧ ಜನ ಬೆರಿಸಿಫಾರ್ಮಿಸ್ ಎಂದು ಬರೆದದ್ದು ಕಣ್ಣಿಗೆ ಬಿದ್ದಿತ್ತು.

“ಸರ್, ಗಣಕ್ಕೂ ಈಗ ಎರಡು ಪಾಠಗಳಿವೆ. ಕೆಲವರು ಸ್ಟೆಫನೊಬೆರಿಸಿಫಾರ್ಮಿಸ್ ಎಂದು ಬೇರೆ ಇಡುತ್ತಾರೆ, ಕೆಲವರು ಬೆರಿಸಿಫಾರ್ಮಿಸ್‌ನಲ್ಲಿ ಸೇರಿಸುತ್ತಾರೆ.”

ಅವರು ನನ್ನನ್ನೇ ನೋಡಿದರು. ಆಮೇಲೆ ನಕ್ಕುಬಿಟ್ಟರು. “ಎರಡಕ್ಕೂ ಕೊಡಿ ಮಾರಾಯ್ತಿ” ಎಂದು ಕನ್ನಡಕ ಹಾಕಿಕೊಂಡರು. ಸ್ಕೀಮ್‌ನ ಅಂಚಿನಲ್ಲಿ ಎರಡೂ ಗಣ ಸ್ವೀಕಾರಾರ್ಹ ಎಂದು ಬರೆದು ಇಬ್ಬರೂ ಸಹಿ ಮಾಡಿದೆವು. ಒಂದೇ ವಾಕ್ಯ ಬರೆದವರಿಗೆ ವೈವಾದಲ್ಲಿ ಅವರೇ ಎರಡೆರಡು ಹೆಚ್ಚಿನ ಪ್ರಶ್ನೆ ಕೇಳಿದರು, ಲಾರ್ವಾಕ್ಕೆ ಅಷ್ಟುದ್ದದ ಬಾಲ ಯಾಕೆ, ಜಠರವಿಲ್ಲದ ಗಂಡು ಬದುಕುವುದು ಹೇಗೆ ಎಂದು. ಯಕೃತ್ತಿನ ಕಥೆಯನ್ನು ಬಹುತೇಕರು ಹೇಳಿದರು. ಬಾಲದ ಬಗ್ಗೆ ಒಬ್ಬ ಹುಡುಗ ‘ಚಂದ ಕಾಣಲಿಕ್ಕೆ’ ಎಂದ. ನಕಲಿನ ಮಾತು ಮತ್ತೆ ಬರಲಿಲ್ಲ. ಒಟಿಪಿ ಸಂಜೆ ಪೋರ್ಟಲ್ ಮುಚ್ಚುವ ಮುಂಚೆ ಹೇಗೋ ಬಂತು.

ಈಗ ಸ್ಪಾಟರ್‌ಗಳ ಪಟ್ಟಿ, ಸ್ಕೀಮ್ ಎರಡನ್ನೂ ಹಿಂದಿನ ದಿನವೇ ಲಕೋಟೆಯಲ್ಲಿಟ್ಟು, ಎಕ್ಸ್‌ಟರ್ನಲ್ ಬಂದ ಕೂಡಲೇ, ಚಹಾಕ್ಕೂ ಮುಂಚೆ, ಕೈಗೆ ಕೊಡುತ್ತೇನೆ. ಲೈಬ್ರರಿಯ ಪುಸ್ತಕದಲ್ಲಿ ಇಲ್ಲದ್ದನ್ನು ಪಾಠದಲ್ಲಿ ಹೇಳುತ್ತೇನೆ, ಸ್ಪಾಟರ್‌ನಲ್ಲಿ ಇಡುವುದಿಲ್ಲ. ಚಿತ್ರಕ್ಕೆ ಅಳತೆಪಟ್ಟಿ ಹಾಕಿಸುತ್ತೇನೆ. ಜೆರಾಕ್ಸ್ ಅಂಗಡಿಯವನು ‘ಈ ಗೆರೆ ತೆಗೆದುಬಿಡಲೇ ಮೇಡಂ, ಚಿತ್ರಕ್ಕೆ ಅಡ್ಡ ಬರುತ್ತದೆ’ ಎಂದು ಪ್ರತಿ ಸಲ ಕೇಳುತ್ತಾನೆ.

ಹೊಸ ಆವೃತ್ತಿಯ ಪುಸ್ತಕ ತರಿಸಿಕೊಡಿ ಎಂದು ಆ ವಾರವೇ ಅರ್ಜಿ ಹಾಕಿದ್ದೆ. ‘ಇದೇ ಹೆಸರಿನ ಪುಸ್ತಕ ಈಗಾಗಲೇ ದಾಸ್ತಾನಿನಲ್ಲಿದೆ’ ಎಂಬ ಷರಾದೊಂದಿಗೆ ವಾಪಸು ಬಂತು. ಎರಡೂ ಬೇರೆ ಎಂದು ವಿವರಿಸಿ ಮತ್ತೆ ಹಾಕಿದ್ದೇನೆ. ಫೈಲು ಈಗ ಲೆಕ್ಕಪತ್ರ ವಿಭಾಗದಲ್ಲಿದೆಯಂತೆ. ಮೂರು ಕೊಟೇಷನ್ ಲಗತ್ತಿಸಬೇಕಂತೆ.