ಲಾಕ್ರೂ ಗುಡ್ಡದ ಗೋರಿಗಳಿಗೂ ಸುರಪುರಕ್ಕೂ ಒಂದು ನಂಟು

ಊರಿಂದ ಯಾರೇ ಐರ್ಲೆಂಡಿಗೆ ಬಂದರೂ ನ್ಯೂಗ್ರೇಂಜ್ ಅನ್ನೋ ಹೆಸರಾಂತ ಪ್ರಾಚೀನ ಕಲ್ಲುಗೋರಿ ನೋಡಬೇಕು ಅನ್ನುತ್ತಾರೆ. ನೋಡಲೇಬೇಕು, ಎರಡು ಮಾತಿಲ್ಲ. ಆದರೆ ನಾನು ಅವರನ್ನು ಅದೇ ಮೀತ್ ಕೌಂಟಿಯಲ್ಲಿ, ಅಂಥದ್ದೇ ಗೋರಿಗಳಿರುವ ಲಾಕ್ರೂಗೂ ಎಳೆದುಕೊಂಡು ಹೋಗುತ್ತೇನೆ. ಡಬ್ಲಿನ್‌ನಿಂದ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ. ಕುರಿ ಮೇಯುವ ಹುಲ್ಲಿನ ಗುಡ್ಡ ಅದು. ಎತ್ತರ 276 ಮೀಟರ್ ಅಷ್ಟೇ, ಆದರೆ ಮೇಲೆ ಗಾಳಿ ಜಾಸ್ತಿ, ಒಳ್ಳೆ ಜಾಕೆಟ್ ಬೇಕು.

ನೆತ್ತಿಯ ಮೇಲೆ ಕಲ್ಲು ಪೇರಿಸಿದ ದೊಡ್ಡ ದಿಬ್ಬ ಒಂದಿದೆ. ಇದಕ್ಕೆ ಕೆಯರ್ನ್ ಟಿ ಅನ್ನುತ್ತಾರೆ. ವಯಸ್ಸು ಸುಮಾರು 5000 ವರ್ಷ! ಒಳಗೆ ಇಕ್ಕಟ್ಟಾದ ದಾರಿ, ಕೊನೆಗೆ ಪುಟ್ಟ ಕೋಣೆಗಳು. ಸತ್ತವರ ಸುಟ್ಟ ಮೂಳೆಗಳನ್ನು ಇಡುತ್ತಿದ್ದದ್ದು ಅಲ್ಲೇ. ಹಿಂಗೋಡೆಯ ಕಲ್ಲಿನ ತುಂಬ ಹೂವಿನ ಎಸಳಿನಂಥ ಗೆರೆಗಳು, ಚಕ್ರಗಳು. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹಗಲು ರಾತ್ರಿ ಸಮ ಇರುವ ದಿನಗಳಲ್ಲಿ, ಬೆಳಗಿನ ಬಿಸಿಲು ನೇರ ಒಳಗೆ ಹೋಗಿ ಆ ಕಲ್ಲಿಗೇ ಬೀಳುತ್ತದೆ, ಒಂದೊಂದೇ ಚಿತ್ರದ ಮೇಲೆ ನಿಧಾನವಾಗಿ ಸರಿಯುತ್ತದೆ. ಕಬ್ಬಿಣದ ಉಪಕರಣವೇ ಇಲ್ಲದ ಕಾಲದಲ್ಲಿ ಇದನ್ನು ಲೆಕ್ಕ ಹಾಕಿ ಕಟ್ಟಿದ್ದಾರಲ್ಲ, ಅದು ದೊಡ್ಡದು. ನಾನು ಹೋದಾಗ ಗೇಟಿಗೆ ಬೀಗ ಇತ್ತು, ಸರಳುಗಳ ಸಂದಿಯಿಂದಲೇ ಇಣುಕಿದೆ.

ಇಲ್ಲಿನ ಜನರ ಕಥೆಯಲ್ಲಿ, ಇಲ್ಲಿರುವ ಇಂಥ ದಿಬ್ಬಗಳನ್ನೆಲ್ಲ ಒಬ್ಬ ಮಾಟಗಾತಿ ಮಾಡಿದಳಂತೆ. ಸೆರಗಿನಲ್ಲಿ ಕಲ್ಲು ತುಂಬಿಕೊಂಡು ಗುಡ್ಡದಿಂದ ಗುಡ್ಡಕ್ಕೆ ಹಾರುವಾಗ ಉದುರಿದ ಕಲ್ಲುಗಳಂತೆ ಇವು. ದಿಬ್ಬದ ಉತ್ತರ ಮಗ್ಗುಲಲ್ಲಿ ಅವಳ ಕುರ್ಚಿ ಅಂತ ಒಂದು ಭಾರಿ ಬಂಡೆಯನ್ನೂ ತೋರಿಸುತ್ತಾರೆ.

ನನಗೆ ಮೈ ಜುಮ್ ಅನಿಸಿದ್ದು ಬೇರೆ ವಿಷಯ. 1860ರ ದಶಕದಲ್ಲಿ ಯೂಜೀನ್ ಕಾನ್ವೆಲ್ ಅನ್ನೋ ಶಾಲಾ ಇನ್ಸ್‌ಪೆಕ್ಟರ್ ಈ ಗೋರಿಗಳನ್ನು ಅಗೆಸಿ, ಡಬ್ಲಿನ್‌ನಲ್ಲಿರುವ ವಿದ್ವಾಂಸರ ಸಂಸ್ಥೆ ರಾಯಲ್ ಐರಿಷ್ ಅಕಾಡೆಮಿಗೆ ವರದಿ ಒಪ್ಪಿಸಿದ. ಅದೇ ದಶಕದಲ್ಲಿ, ಅದೇ ಅಕಾಡೆಮಿಯಲ್ಲಿ, ನಮ್ಮ ಕಡೆಯ ಕಲ್ಲುಗೋರಿಗಳ ಬಗ್ಗೆಯೂ ಪ್ರಬಂಧ ಬಂತು! ಬರೆದವನು ಮೆಡೋಸ್ ಟೇಲರ್ ಅನ್ನೋ ಇಂಗ್ಲಿಷ್ ಅಧಿಕಾರಿ, ಸುರಪುರದಲ್ಲಿ ವರ್ಷಗಟ್ಟಲೆ ಆಡಳಿತ ನೋಡಿಕೊಂಡಿದ್ದವನು. ಜೇವರ್ಗಿ, ರಾಜನಕೋಳೂರು ಕಡೆಯ ಗೋರಿಗಳನ್ನು ಕಣ್ಣಾರೆ ನೋಡಿ ಅಳೆದಿದ್ದ. ಯುರೋಪಿನ ಗೋರಿಗಳಿಗೂ ನಮ್ಮವಕ್ಕೂ ಏನೋ ಸಂಬಂಧ ಇದೆ ಅಂತ ಅವನ ನಂಬಿಕೆ. ಅದು ನಿಲ್ಲಲಿಲ್ಲ ಬಿಡಿ. ಇಲ್ಲಿಯವು ಶಿಲಾಯುಗದವು, ನಮ್ಮವು ಕಬ್ಬಿಣದ ಯುಗದವು, ನಡುವೆ ಸಾವಿರಾರು ವರ್ಷಗಳ ಅಂತರ. ಆದರೂ ಅವನು ಅಳತೆ ಸಮೇತ ಬರೆದಿಟ್ಟಿದ್ದು ಇವತ್ತಿಗೂ ಬೆಲೆಬಾಳುವ ದಾಖಲೆ.

ಇಲ್ಲಿನ ಗುಡ್ಡಕ್ಕೆ ಬಂದರೆ ದಯವಿಟ್ಟು ದಿಬ್ಬದ ಮೇಲೆ ಹತ್ತಬೇಡಿ, ನೆನಪಿಗೆ ಅಂತ ಸಣ್ಣ ಕಲ್ಲನ್ನೂ ಎತ್ತಿಕೊಳ್ಳಬೇಡಿ. ಸುರಪುರ, ಹುಣಸಗಿ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ರಾಜನಕೋಳೂರಿನ ಕಲ್ಲುಗಳು ಈಗ ಹೇಗಿವೆ ಅಂತ ಒಂದು ಸಾಲು ಬರೆಯಿರಿ, ಫೋಟೋ ಇದ್ದರೆ ಕಳಿಸಿ.